ಬೇಲಿಯ ಹೊರಗೆ ಕೂತವರು

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ತಳಕಿನಿಂದ ಕೊಂಡ್ಲಹಳ್ಳಿಯ ಕಡೆ ಹೋಗುವಾಗ ಬಸ್ಸಿನ ಕಿಟಕಿಯಿಂದಲೇ ಓದಿಕೊಳ್ಳಬಹುದು. ಹಟ್ಟಿಯ ಬಾಗಿಲಿಗೆ ಈಗ ಸಿಮೆಂಟಿನ ಕಮಾನು ಎದ್ದಿದೆ. ಅದರ ಮೇಲೆ ಅವರ ಹೆಸರು, ಹೆಸರಿನ ಮುಂದೆ 'ಸ್ವಾತಂತ್ರ್ಯ ಹೋರಾಟಗಾರ' ಎಂಬ ಬಿರುದು, ಎರಡೂ ಬದಿಗೆ ಒಂದೊಂದು ಚರಕ.

"ಚರಕ ಯಾಕೋ? ಅವರು ಜನ್ಮದಲ್ಲಿ ಒಂದೆಳೆ ನೂಲು ತೆಗೆದವರಲ್ಲ. ಕೊಡಲಿ ಬರೆಸಬೇಕಿತ್ತು" ಎಂದೆ ಫೋನಿನಲ್ಲಿ.

"ಪೇಂಟರ್ ಹತ್ರ ಚರಕದ ಅಚ್ಚು ಇತ್ತು ಸಾರ್, ಅದನ್ನೇ ಹೊಡೆದ" ಎಂದ ಹುಡುಗ. ಹುಡುಗ ಎಂದರೆ ನನ್ನ ಹಳೆಯ ವಿದ್ಯಾರ್ಥಿ, ಈಗ ಪಂಚಾಯಿತಿ ಮೆಂಬರು, ಆ ಹಟ್ಟಿಯ ಹಿಂದಿನ ಯಜಮಾನರ ಮೊಮ್ಮಗ. ಕಮಾನಿನ ಉದ್ಘಾಟನೆಗೆ ಬಂದು ನಾನು ಐದು ನಿಮಿಷ ಮಾತಾಡಬೇಕಂತೆ.

"ಆ ಮನುಷ್ಯ ಆ ಬಾಗಿಲೊಳಗೆ ಐವತ್ತು ವರ್ಷ ಕಾಲಿಡಲಿಲ್ಲ, ಗೊತ್ತೇನೋ ನಿನಗೆ?"

"ಗೊತ್ತು ಸಾರ್. ಅದೊಂದು ಬಿಟ್ಟು ಬ್ಯಾರೆ ಏನಾದ್ರೂ ಹೇಳ್ರಿ. ನಮ್ಮ ತಾತನ ವಿಷಯಾನೂ ಎತ್ತಬ್ಯಾಡ್ರಿ. ಎಮ್ಮೆಲ್ಲೆ ಬರ್ತಾರೆ."

ಆಗಲಿ ಎಂದೆ. ಆಮೇಲೆ ಯೋಚಿಸಿದರೆ, ಅದೊಂದನ್ನೂ ಬಿಟ್ಟು ಅವನ ತಾತನನ್ನೂ ಬಿಟ್ಟರೆ ನನ್ನ ಹತ್ತಿರ ಹೇಳಲು ಉಳಿಯುವುದು ನಮಸ್ಕಾರ ಮತ್ತು ಧನ್ಯವಾದ, ಎರಡೇ. ಆದ್ದರಿಂದ ವೇದಿಕೆಯ ಮೇಲೆ ಹೇಳಬಾರದ್ದನ್ನು ಇಲ್ಲಿ ಬರೆದಿಟ್ಟುಬಿಡುತ್ತೇನೆ.

ನಾನು ಚಳ್ಳಕೆರೆಯವನು. ಅಬ್ಬಾ ಲಾರಿ ಮೆಕ್ಯಾನಿಕ್ಕು. ಮನೆಯಲ್ಲಿ ಉರ್ದು, ಬೀದಿಯಲ್ಲಿ ಕನ್ನಡ, ಎಣ್ಣೆ ಗಿರಣಿಗಳ ಹತ್ತಿರ ತೆಲುಗು, ಹೀಗೆ ಮೂರರಲ್ಲೂ ಬೈಸಿಕೊಂಡು ಬೆಳೆದವನು. ಎಂಬತ್ತರ ದಶಕದ ನಡುವೆ ಮೇಷ್ಟ್ರ ಕೆಲಸ ಸಿಕ್ಕಿತು. ಹಾಕಿದ್ದು ಆ ಹಟ್ಟಿಯ ಶಾಲೆಗೆ. ಸುತ್ತ ಹುಲ್ಲುಗಾವಲು, ನಡುವೆ ಜಾಲಿ ಮುಳ್ಳಿನ ಎತ್ತರದ ಬೇಲಿ, ಬೇಲಿಯೊಳಗೆ ಮನೆಗಳು, ದನದ ರೊಪ್ಪ, ಗುಡಿ, ಒಂದು ಕೊಠಡಿಯ ಶಾಲೆ. ಒಳಗೆ ಹೋಗಲು ಒಂದೇ ಬಾಗಿಲು. ಬಾಗಿಲ ಹೊರಗೆ, ಬೇಲಿಗೆ ಒರಗಿದಂತೆ, ಒಂದು ಗುಡಿಸಲು, ಅದರ ಮುಂದೆ ಕಲ್ಲಿನ ಕಟ್ಟೆ.

ಮೊದಲ ದಿನ ಮಗ ಕೆಲಸಕ್ಕೆ ಹೊರಟ ಖುಷಿಯಲ್ಲಿ ಅಮ್ಮಿ ಡಬ್ಬಿಗೆ ಚಪಾತಿಯ ಜೊತೆ ಮೊಟ್ಟೆ ಪಲ್ಯ ಹಾಕಿಕೊಟ್ಟಿದ್ದಳು. ನಾನು ಸೈಕಲ್ಲಿನಿಂದ ಇಳಿದು ಹಟ್ಟಿಯ ಬಾಗಿಲಿಗೆ ಬಂದಾಗ ಕಟ್ಟೆಯ ಮೇಲಿದ್ದ ಉದ್ದನೆಯ ಮುದುಕರೊಬ್ಬರು ಮೂಗು ಎತ್ತಿದರು.

"ಹೊಸ ಮೇಷ್ಟ್ರಾ? ಡಬ್ಯಾಗೆ ಏನೈತ್ರಿ?"

ಹೇಳಿದೆ.

"ಅದನ್ನ ಒಳಗೆ ತಗಂಡು ಹೋಗಬ್ಯಾಡ್ರಿ. ನಮ್ಮ ಹಟ್ಟಿಗೆ ಕೋಳಿ ಆಗಲ್ಲ, ಮೊಟ್ಟೆ ಆಗಲ್ಲ, ಹೆಂಡ ಆಗಲ್ಲ, ಈಚಲು ಆಗಲ್ಲ. ಡಬ್ಬಿ ಇಲ್ಲೇ ಇಡ್ರಿ, ಮಧ್ಯಾಹ್ನ ಬಂದು ಇಲ್ಲೇ ಉಣ್ರಿ. ಇದು ಹೊರಗೈತೆ."

ನಾನು ಸಾಬರವನೆಂದು ದೂರ ಇಡುತ್ತಿದ್ದಾರೇನೋ ಎಂದು ಒಳಗೊಳಗೇ ಉರಿದುಕೊಂಡೆ. ಮಧ್ಯಾಹ್ನ ಬಂದು ನೋಡಿದರೆ ಅವರೂ ಅದೇ ಕಟ್ಟೆಯ ಮೇಲೆ ಮುದ್ದೆಯ ಗಂಗಾಳ ಇಟ್ಟುಕೊಂಡು ಕಾಯುತ್ತಿದ್ದರು. ಅವತ್ತಿನಿಂದ ಎಷ್ಟೋ ವರ್ಷ ನನ್ನ ಮಧ್ಯಾಹ್ನದ ಊಟ ಅಲ್ಲೇ ನಡೆಯಿತು. ಮಕ್ಕಳು ಅವರನ್ನು 'ಹೊರಗಲಜ್ಜ' ಎನ್ನುತ್ತಿದ್ದವು. ಈಗ ಸರ್ಕಾರವೇ ಶಾಲೆಯಲ್ಲಿ ಮೊಟ್ಟೆ ಕೊಡುತ್ತದೆ, ಆ ಹಟ್ಟಿಯ ಮಕ್ಕಳಿಗೆ ಬಾಳೆಹಣ್ಣು. ಆಗ ಸರ್ಕಾರ ಕೊಡುತ್ತಿದ್ದುದು ಒಂದು ನಕಾಶೆ ಮತ್ತು ಒಂದು ಗ್ಲೋಬು.

ಅಜ್ಜನಿಗೆ ಒಂದು ವಿಚಿತ್ರ ಚಟವಿತ್ತು. ಏನು ಮಾಡುವುದಿದ್ದರೂ ಮೊದಲೇ ಹೇಳಿ ಮಾಡುವುದು. "ನಾಳೆ ನಿಮ್ಮ ಸೈಕಲ್ ತಗಂಡು ತಳಕಿಗೆ ಹೋಗ್ತೀನಿ, ಹೇಳಿದೀನಿ." "ಇವತ್ತು ನಿಮ್ಮ ಮಾತು ಕೇಳಲ್ಲ, ನಿದ್ದೆ ಮಾಡ್ತೀನಿ, ಹೇಳಿದೀನಿ." ಇದು ಕೇಳುವುದಲ್ಲ, ಒಪ್ಪಿಗೆಯ ಪ್ರಶ್ನೆಯೇ ಇಲ್ಲ. ಆದರೆ ಹೇಳದೆ ಮಾತ್ರ ಏನನ್ನೂ ಮಾಡರು.

ನಮ್ಮ ಹಟ್ಟಿಯ ಕ್ರಾಸಿನಲ್ಲಿ ಬಸ್ಸು ನಿಲ್ಲಿಸುತ್ತಿರಲಿಲ್ಲ. ಹೆಂಗಸರು ಕೈ ಅಡ್ಡ ಹಾಕಿದರೂ ಡ್ರೈವರು ಧೂಳೆಬ್ಬಿಸಿಕೊಂಡು ಹೋಗಿಬಿಡುತ್ತಿದ್ದ. ಹುಡುಗರು ಕಲ್ಲು ಹೊಡೆಯುವ ಮಾತಾಡಿಕೊಂಡರು. ಅಜ್ಜ ಚಳ್ಳಕೆರೆಯ ಬಸ್ ಸ್ಟ್ಯಾಂಡಿಗೆ ಹೋಗಿ ಆ ಡ್ರೈವರನನ್ನೇ ಹುಡುಕಿ, "ನಾಳೆ ಬೆಳಿಗ್ಗೆ ನಮ್ಮ ಕ್ರಾಸಿನಾಗೆ ರಸ್ತೆ ಮಧ್ಯ ಕುಂತಿರ್ತೀನಿ. ನಿಧಾನಕ್ಕೆ ಬಾರಪ್ಪ, ಬ್ರೇಕ್ ಹಿಡಿಯದಿದ್ರೆ ನಿನಗೆ ಪಾಪ ಸುತ್ಕಂತೈತೆ" ಎಂದು ಹೇಳಿ ಬಂದರು. ಮರುದಿನ ಟವೆಲ್ ಹಾಸಿಕೊಂಡು ಕೂತಿದ್ದರು. ಬಸ್ಸು ನಿಂತಿತು. ಅಲ್ಲಿಂದ ಮುಂದೆ ದಿನಾ ನಿಂತಿತು. ಆ ಡ್ರೈವರು ಕ್ರಾಸಿಗೆ ಬಂದಾಗಲೆಲ್ಲ ತಲೆ ಹೊರಹಾಕಿ, "ಏನಜ್ಜ, ಇವತ್ತು ಹೇಳೋದೇನಾದ್ರೂ ಐತಾ?" ಎಂದು ಕೂಗುತ್ತಿದ್ದ.

ಈ ಚಟ ಎಲ್ಲಿಂದ ಬಂತು ಎಂಬುದು ನನಗೆ ತಿಳಿದದ್ದು ತುಣುಕು ತುಣುಕಾಗಿ, ಮುದ್ದೆಯ ನಡುನಡುವೆ.

ಸ್ವಾತಂತ್ರ್ಯಕ್ಕೆ ಇನ್ನೂ ಕೆಲವು ವರ್ಷವಿದ್ದಾಗ ಚಿತ್ರದುರ್ಗದ ಸೀಮೆಯಲ್ಲಿ ಈಚಲು ಮರ ಕಡಿಯುವ ಚಳುವಳಿ ನಡೆಯಿತು. ಹೆಂಡದ ಹರಾಜಿನಿಂದ ಆಗಿನ ಸರ್ಕಾರದ ಖಜಾನೆ ತುಂಬುತ್ತಿತ್ತು. ಮರ ಕಡಿದರೆ ಹೆಂಡವಿಲ್ಲ, ಹೆಂಡವಿಲ್ಲದಿದ್ದರೆ ಸರ್ಕಾರಕ್ಕೆ ಹಣವಿಲ್ಲ ಎಂಬುದು ಲೆಕ್ಕ. ಬಿಳಿ ಟೋಪಿಯವರು ಊರೂರಿಗೆ ಬಂದು ಹೇಳಿಕೊಟ್ಟಿದ್ದು ಇಷ್ಟೇ: ಕಳ್ಳರಂತೆ ಕಡಿಯಬಾರದು, ಹಗಲು ಹೊತ್ತಿನಲ್ಲಿ, ಪೊಲೀಸರಿಗೆ ಮೊದಲೇ ಹೇಳಿ ಕಡಿಯಬೇಕು. ಹೊಡೆದರೆ ಹೊಡೆಸಿಕೊಳ್ಳಬೇಕು, ಓಡಬಾರದು, ಕೈ ಎತ್ತಬಾರದು.

"ನನಗೆ ಆಗ ಮೀಸೆ ಸರಿಯಾಗಿ ಬಂದಿರ್ಲಿಲ್ಲ" ಎಂದರು ಅಜ್ಜ. "ಇಡೀ ಸೀಮ್ಯಾಗೆ ಹೆಂಡ ಮುಟ್ಟದ ಹಟ್ಟಿ ನಮ್ದು. ಹೆಂಡದ ಮರ ಕಡಿಯಾಕೆ ನಾವಲ್ಲದೆ ಇನ್ಯಾರು ಹೋಗ್ಬೇಕು ಅಂತ ನಾನೂ ನನ್ನ ಚಿಕ್ಕಪ್ಪನ ಮಗನೂ ಕೊಡಲಿ ತಗಂಡು ಹೊರಟ್ವಿ. ತಳಕಿನ ಹಳ್ಳಕ್ಕೆ. ಮರದ ಬುಡಕ್ಕೆ ಹೋದ ಮ್ಯಾಲೆ ನೆನಪಾತು ನೋಡ್ರಿ."

ನೆನಪಾದದ್ದು ಏನೆಂದರೆ, ಅವರ ಹಟ್ಟಿಯವರು ಹೆಂಡ ಕುಡಿಯುವಂತಿಲ್ಲ, ಅಷ್ಟೇ ಅಲ್ಲ, ಈಚಲು ಮರವನ್ನೇ ಮುಟ್ಟುವಂತಿಲ್ಲ. ಅದರ ನೆರಳಲ್ಲಿ ಕೂರುವಂತಿಲ್ಲ, ಅದರ ಚಾಪೆಯ ಮೇಲೆ ಮಲಗುವಂತಿಲ್ಲ, ಅದರ ಪೊರಕೆ ಮನೆಗೆ ಬರುವಂತಿಲ್ಲ. ದೇವರ ಕಟ್ಟಳೆ. ಮುಟ್ಟದೆ ಕಡಿಯುವುದು ಹೇಗೆ? ಚಿಕ್ಕಪ್ಪನ ಮಗ ಕೊಡಲಿ ಎತ್ತಿದವನು ಹಾಗೇ ಕೆಳಗಿಳಿಸಿದ. ಇವರು ಕಡಿದರು. ಬಿದ್ದ ಮರವನ್ನು ಅಪ್ಪಿ ಹಿಡಿದು ಪಕ್ಕಕ್ಕೂ ಎಳೆದರು. ಪೊಲೀಸರು ಬಂದು ಕರೆದೊಯ್ದರು.

"ಅವನ ಮ್ಯಾಲೆ ಸಿಟ್ಟು ಬರ್ಲಿಲ್ವಾ?"

"ಯಾಕ್ ಸಿಟ್ಟು? ಅವನಿಗೆ ಕೈ ಬರ್ಲಿಲ್ಲ, ಅಷ್ಟೆ. ಹೆದ್ರಿ ವಾಪಸ್ ಹೋಗ್ಲಿಲ್ಲ. ನನ್ನ ಕರ್ಕಂಡು ಹೋಗೋ ತನಕ ಅಲ್ಲೇ ನಿಂತಿದ್ದ."

ಜೈಲಿನಲ್ಲಿ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ತಪ್ಪಾಯಿತು ಎಂದವರನ್ನು ಬಿಡುತ್ತೇವೆ ಎಂದರಂತೆ. ಕೆಲವರು ಅಂದರು, ಮನೆಗೆ ಹೋದರು. ಅಜ್ಜ ಅನ್ನಲಿಲ್ಲ. ಶಿಕ್ಷೆ ಪೂರ್ತಿ ಮುಗಿಸಿ, ಊರಿಗೆ ನಡೆದುಕೊಂಡೇ ಬಂದರೆ ಹಟ್ಟಿಯ ಬಾಗಿಲಲ್ಲಿ ಹಿರಿಯರು ನಿಂತಿದ್ದರು. ಜೈಲಿಗೆ ಹೋದದ್ದು ಸರಿ, ಗಂಡಸಿನ ಕೆಲಸ. ಆದರೆ ಈಚಲು ಮುಟ್ಟಿದ್ದೀಯ. ದೇವರ ಮುಂದೆ ತಪ್ಪಾಯಿತು ಅನ್ನು, ತಲೆ ಮೇಲೆ ನೀರು ಹಾಕಿಸಿಕೋ, ಒಳಗೆ ಬಾ.

"ಜೈಲಿನಾಗೆ ಆ ಮಾತು ಅಂದಿದ್ರೆ ಅವತ್ತೇ ಮನೀಗೆ ಬರ್ತಿದ್ದೆ. ಬೂಟಿನವರಿಗೆ ಹೇಳದಿದ್ದ ಮಾತು ನಮ್ಮೋರಿಗೆ ಹೆಂಗೆ ಹೇಳ್ಲಿ? ಮುಟ್ಟಿದ್ದು ತಪ್ಪು ಅಂತ ನನಗೆ ಅನ್ನಿಸ್ಲಿಲ್ಲ. ಅನ್ನಿಸದಿದ್ದನ್ನ ಅನ್ನಬಾರ್ದು."

ಜಗಳವಾಡಲಿಲ್ಲ. ನುಗ್ಗಲಿಲ್ಲ. "ಹಂಗಾದ್ರೆ ಇಲ್ಲೇ ಕುಂತಿರ್ತೀನಿ, ಹೇಳಿದೀನಿ" ಎಂದು ಬಾಗಿಲ ಪಕ್ಕದಲ್ಲಿ ಕೂತರು. ನಾಲ್ಕು ದಿನ ಕೂತು ಎದ್ದು ಹೋಗುತ್ತಾನೆ ಎಂದುಕೊಂಡಿದ್ದರು ಹಟ್ಟಿಯವರು. ಅವರವ್ವ ಬೇಲಿಯ ಸಂದಿಯಲ್ಲಿ ಮುದ್ದೆ ಕೊಟ್ಟಳು. ಮಳೆಗಾಲಕ್ಕೆ ಮೇಲೊಂದು ಮರೆ ಬಂತು, ಮರೆ ಗುಡಿಸಲಾಯಿತು. ಅಷ್ಟರಲ್ಲಿ ದೇಶಕ್ಕೆ ಸ್ವಾತಂತ್ರ್ಯವೂ ಬಂದುಹೋಯಿತು. ಮದುವೆ ಆಗಲಿಲ್ಲ. ಬೇಲಿಯ ಹೊರಗೆ ಕೂತವನಿಗೆ ಯಾರು ಹೆಣ್ಣು ಕೊಡುತ್ತಾರೆ?

ಅವ್ವ ತೀರಿಕೊಂಡದ್ದು ಬೇಲಿಯ ಒಳಗೆ. ಕಾಯಿಲೆ ಬಿದ್ದಾಗ ಹಿರಿಯರು ಮತ್ತೆ ಬಂದು ಕೇಳಿದರಂತೆ, ಒಂದು ಮಾತು ಅನ್ನು, ಒಳಗೆ ಬಂದು ನೋಡಿಕೋ. ಇವರು ಅನ್ನಲಿಲ್ಲ. ಹೆಣ ಬಾಗಿಲು ದಾಟಿ ಹೊರಬಂದ ಮೇಲೆ ಹೆಗಲು ಕೊಟ್ಟರು. ಇದನ್ನು ಹೇಳುವಾಗಲೂ ಅಜ್ಜ ಮುದ್ದೆ ಮುರಿಯುವುದನ್ನು ನಿಲ್ಲಿಸಲಿಲ್ಲ. ನನಗೆ ಮಾತ್ರ ಊಟ ಸೇರಲಿಲ್ಲ. ಇದೆಂಥ ಹಟ, ಹೆತ್ತವಳಿಗಿಂತ ದೊಡ್ಡದೇ ಎಂದು ಬಾಯಿಬಿಟ್ಟು ಅಂದೂಬಿಟ್ಟೆ.

"ಅವ್ವನೇ ಹೇಳಿ ಕಳಿಸಿದ್ಳು ಮೇಷ್ಟ್ರೆ. ಅನ್ನಬ್ಯಾಡ ಅಂತ" ಎಂದರು. "ಇಷ್ಟು ವರ್ಷ ನಾನು ಬೇಲಿ ಸಂದ್ಯಾಗೆ ಮುದ್ದೆ ಕೊಟ್ಟಿದ್ದು ಸುಮ್ನೆ ಹೋಗ್ತೈತೆ ಅಂದ್ಲಂತೆ."

ಆಗಸ್ಟ್ ಹದಿನೈದಕ್ಕೆ ಶಾಲೆಯಲ್ಲಿ ಧ್ವಜ ಏರಿಸುವಾಗ ಇಡೀ ಹಟ್ಟಿಯಲ್ಲಿ ಜೈಲಿಗೆ ಹೋಗಿಬಂದಿದ್ದ ಒಬ್ಬನೇ ಮನುಷ್ಯ ಬೇಲಿಯ ಆಚೆ ನಿಂತು ಮುಳ್ಳುಗಳ ಸಂದಿಯಿಂದ ಕೈ ಮುಗಿಯುತ್ತಿದ್ದರು. ಮೊದಲ ವರ್ಷ ನನಗೆ ನೋಡಲಾಗಲಿಲ್ಲ. ಎರಡನೆಯ ವರ್ಷ ಧ್ವಜದ ಕಂಬವನ್ನು ಬೇಲಿಯ ಪಕ್ಕಕ್ಕೇ ನೆಡಿಸಿದೆ. ನನ್ನ ಕೈಲಾದದ್ದು ಅಷ್ಟು.

ಅಂದು ಕೊಡಲಿ ಕೆಳಗಿಳಿಸಿದ ಚಿಕ್ಕಪ್ಪನ ಮಗನೇ ಮುಂದೆ ಹಟ್ಟಿಯ ಯಜಮಾನರಾಗಿದ್ದರು. ನಾನಿದ್ದಾಗ ಅವರೂ ಹಣ್ಣು ಹಣ್ಣು ಮುದುಕರು. ದಿನಾ ಸಂಜೆ ಬಾಗಿಲಿಗೆ ಬಂದು ಒಳಗಿನ ಕಲ್ಲಿನ ಮೇಲೆ ಕೂರುತ್ತಿದ್ದರು. ಅಜ್ಜ ಹೊರಗಿನ ಕಟ್ಟೆಯ ಮೇಲೆ. ಇಬ್ಬರೂ 'ಲೇ' ಎಂದು ಕೂಗಿಕೊಂಡು ಮಳೆ, ದನ, ಸತ್ತವರ ಸುದ್ದಿ ಎಲ್ಲ ಮಾತಾಡುತ್ತಿದ್ದರು. ಹೊತ್ತು ಮುಳುಗಿದರೆ ಒಬ್ಬರು ಒಳಗೆ, ಒಬ್ಬರು ಗುಡಿಸಲಿಗೆ.

ಒಮ್ಮೆ ಯಜಮಾನರು ಶಾಲೆಗೆ ಬಂದು ನನ್ನ ಕುರ್ಚಿಯ ಪಕ್ಕ ನೆಲದ ಮೇಲೆ ಕೂತುಬಿಟ್ಟರು. ಎಷ್ಟು ಹೇಳಿದರೂ ಮೇಲೆ ಕೂರಲಿಲ್ಲ.

"ಮೇಷ್ಟ್ರೆ, ನೀವಾದ್ರೂ ಅವನಿಗೆ ಹೇಳ್ರಿ. ವಯಸ್ಸಾತು ಇಬ್ಬರಿಗೂ. ಹೊರಗೆ ಸತ್ರೆ ನಾಯಿ ಪಾಡು ಆಗ್ತೈತೆ. ಜೋರಾಗೂ ಅನ್ನಾದು ಬ್ಯಾಡ. ಗುಡಿ ಕಡೆ ಮುಖ ಮಾಡಿ ಬಾಯಾಗೇ ಅನ್ಕಂಡ್ರೂ ಸಾಕು. ನಾನು ಕೇಳಿಸ್ಕಂಡೆ ಅಂತೀನಿ."

"ನೀವೇ ಯಜಮಾನರು. ಸುಮ್ನೆ ಒಳಗೆ ಬಾ ಅನ್ನಬಾರದಾ?"

"ನಾನು ಬಿಟ್ಕಂತೀನ್ರಿ. ದೇವರು ಬಿಟ್ಕಬೇಕಲ್ಲ?"

ನಾನೂ ಹೊಸ ಮೇಷ್ಟ್ರ ಹುರುಪಿನಲ್ಲಿ ರಾಯಭಾರಕ್ಕೆ ಹೋದೆ. ಅಜ್ಜ ಪೂರ್ತಿ ಕೇಳಿಸಿಕೊಂಡು, "ಭಾನುವಾರ ತಳಕಿಗೆ ಬರ್ತೀರಾ? ಒಂದು ಮನೀಗೆ ಹೋಗಾದೈತೆ" ಎಂದರು. ಅವರು ಆಗಾಗ ಹೆಗಲ ಮೇಲೆ ಕೊಡಲಿ ಹಾಕಿಕೊಂಡು ತಳಕಿಗೆ ಹೋಗುವುದು ನನಗೆ ಗೊತ್ತಿತ್ತು. ಕೂಲಿಗಿರಬೇಕು ಎಂದುಕೊಂಡಿದ್ದೆ.

ಅದು ಊರ ಕೊನೆಯ ಒಂದಂಕಣದ ಮನೆ. ಅಂಗಳದ ತುಂಬ ಈಚಲ ಗರಿ. ಒಬ್ಬಳು ಮುದುಕಿ ಕಾಲು ಚಾಚಿ ಕೂತು ಪೊರಕೆ ಕಟ್ಟುತ್ತಿದ್ದಳು. ನಮ್ಮನ್ನು ಕಂಡಿದ್ದೇ ತಡ, ತೆಲುಗು ಕನ್ನಡ ಎರಡರಲ್ಲೂ ಶುರುವಾಯಿತು ಅರ್ಚನೆ.

"ವಚ್ಚಾಡಮ್ಮ, ಬಂದ್ನಮ್ಮ ದೇಶ ಉದ್ಧಾರ ಮಾಡಿದೋನು! ಬಾ, ಮರ ಕಡಿಯೋ ಮಾರಾಯ. ಇವತ್ತು ಏನು ಕಡೀತಿ? ಮನೆ ಕಂಬ ಒಂದು ಉಳಿದೈತೆ ನೋಡು!"

ಅಜ್ಜ ಏನೂ ಆಗದವರಂತೆ ಹಿತ್ತಲಿಗೆ ಹೋಗಿ ಸೌದೆ ಒಡೆಯತೊಡಗಿದರು. ನಾನು ಎಲ್ಲಿ ನಿಲ್ಲಬೇಕೆಂದು ತಿಳಿಯದೆ ನಿಂತಿದ್ದೆ. ಮುದುಕಿ ನನಗೆ ಈಚಲ ಚಾಪೆ ಹಾಸಿ, ನೀರು ಕೊಟ್ಟು, ಬೈಯುತ್ತಲೇ ಕತೆ ಹೇಳಿದಳು. ಅವಳ ಗಂಡ ಹಳ್ಳದ ಮರಗಳಲ್ಲಿ ಹೆಂಡ ಇಳಿಸುತ್ತಿದ್ದವನು. ಚಳುವಳಿಯವರು ಬೆಳಿಗ್ಗೆ ಬಂದು ಮಧ್ಯಾಹ್ನದ ಹೊತ್ತಿಗೆ ಹಳ್ಳ ಬರಿದು ಮಾಡಿದರು. ಹರಾಜು ಹಿಡಿದ ಸಾಹುಕಾರ ಬೇರೆ ಹಳ್ಳ ನೋಡಿಕೊಂಡ. ಇವಳ ಗಂಡನಿಗೆ ಮರ ಹತ್ತುವುದು ಬಿಟ್ಟು ಬೇರೆ ಕಸುಬು ಬರುತ್ತಿರಲಿಲ್ಲ. ಬಳ್ಳಾರಿಯ ಕಡೆ ಕಲ್ಲು ಒಡೆಯಲು ಹೋದವನು ಅಲ್ಲೇ ಸತ್ತ. ಕಂಕುಳಲ್ಲಿ ಕೂಸು ಎತ್ತಿಕೊಂಡು ವಾಪಸು ಬಂದಳು.

"ಒಂದಿನ ಇವನು ಬಂದು ಇಲ್ಲೇ, ನೀವು ನಿಂತಿದ್ರಲ್ಲ ಅಲ್ಲೇ ನಿಂತ್ಕಂಡು, ತಪ್ಪಾತು ತಾಯಿ ಅಂದ. ಸಗಣಿ ನೀರು ಮಕಕ್ಕೆ ಎರಚ್ದೆ. ತೊಳ್ಕಂಡು ಹೋದ. ಮುಂದಿನ ವಾರ ಮತ್ತೆ ಬಂದ. ಮತ್ತೆ ಅಂದ. ಆಮ್ಯಾಲೆ ಕೊಡಲಿ ತಂದ."

"ನೀವು ಒಪ್ಪಿಕೊಂಡ್ರಾ ಅಜ್ಜಿ?"

"ನಾನ್ಯಾಕೆ ಒಪ್ಕಳ್ಳಿ? ಒಪ್ಕಂಡ್ರೆ ನಾಳೆಯಿಂದ ನನ್ನ ಸೌದೆ ಒಡೆಯೋರು ಯಾರು?"

ಅಜ್ಜ ಬೆವರು ಒರೆಸಿಕೊಳ್ಳುತ್ತ ಬಂದು ಚಾಪೆಯ ಇನ್ನೊಂದು ತುದಿಯಲ್ಲಿ ಕೂತರು. ಈಚಲ ಚಾಪೆಯ ಮೇಲೆ, ಆರಾಮಾಗಿ. ಮುದುಕಿ ಮಜ್ಜಿಗೆ ತಂದುಕೊಟ್ಟಳು, ಮಜ್ಜಿಗೆಯ ಜೊತೆ ಇನ್ನೆರಡು ಬೈಗುಳ.

ವಾಪಸು ಬರುವಾಗ ದಾರಿಯಲ್ಲಿ ಅಜ್ಜ ಹೇಳಿದರು: "ಜೈಲಿನೋರು ಕಾನೂನು ಮುರಿದೆ, ತಪ್ಪಾತು ಅನ್ನು ಅಂದ್ರು. ಹಟ್ಟಿಯೋರು ಮರ ಮುಟ್ಟಿದೆ, ತಪ್ಪಾತು ಅನ್ನು ಅಂದ್ರು. ಕೇಳಬೇಕಾದ ಹೆಂಗಸು ಕೇಳ್ಲೇ ಇಲ್ಲ. ಪೊಲೀಸರಿಗೆ ಹೇಳಿ ಕಡಿದ್ವಿ, ಅಮಲ್ದಾರರಿಗೆ ಹೇಳಿ ಕಡಿದ್ವಿ. ಅವನಿಗೆ ಒಂದು ಮಾತು ಹೇಳ್ಲಿಲ್ಲ ನೋಡ್ರಿ, ಮರ ಹತ್ತೋನಿಗೆ. ಸರ್ಕಾರಕ್ಕೆ ಹೊಡೆದ ಏಟು ಅವನಿಗೆ ಬಿತ್ತು. ಕಡಿಯಾದೇ ಬ್ಯಾಡಿತ್ತು ಅಂತ ನಾನು ಅನ್ನಲ್ಲ. ಹೇಳಿ, ಅವನಿಗೊಂದು ದಾರಿ ಮಾಡಿ, ಕಡೀಬೇಕಿತ್ತು."

ನನಗೆ ಅಲ್ಲಿಯವರೆಗೆ ಅವರ ಮೇಲಿದ್ದದ್ದು ಸಲುಗೆ. ಅವತ್ತಿನಿಂದ ಗೌರವ. ಅಹಿಂಸೆಯ ಪಾಠವನ್ನು ನಾನು ಮಕ್ಕಳಿಗೆ ಎಷ್ಟೋ ವರ್ಷ ಮಾಡಿದ್ದೇನೆ. ಆ ಪಾಠದಲ್ಲಿ ಮರ ಹತ್ತುವವನು ಬರುವುದಿಲ್ಲ.

ನಾನು ನೋಡಿದ್ದನ್ನು ಯಜಮಾನರಿಗೆ ಹೇಳಿದೆ. 'ತಪ್ಪಾತು' ಎಂಬ ಮಾತು ಅಜ್ಜನ ಬಾಯಲ್ಲಿ ಬರುತ್ತದೆ, ಆದರೆ ನಿಮಗೆ ಸಿಗುವುದಿಲ್ಲ ಎಂದೆ. ಯಜಮಾನರು "ಹಂಗಾ" ಎಂದು ಎದ್ದು ಹೋದರು.

ಹಟ್ಟಿಯ ಮುಳ್ಳುಬೇಲಿಯನ್ನು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಿದ್ದರು. ಹಳೆಯ ಮುಳ್ಳು ಗೆದ್ದಲು ಹಿಡಿದಿರುತ್ತಿತ್ತು, ತೆಗೆದು ಸುಟ್ಟು, ಹೊಸ ಜಾಲಿ ಕಡಿದು ತಂದು ಒತ್ತುತ್ತಿದ್ದರು. ಆ ವರ್ಷ ಬಾಗಿಲ ಕಡೆಯ ಬೇಲಿಯನ್ನು ರಾತ್ರೋರಾತ್ರಿ ಕಟ್ಟಿದ್ದರು. ಬೆಳಿಗ್ಗೆ ನಾನು ಸೈಕಲ್ ತಳ್ಳಿಕೊಂಡು ಬಂದರೆ ಗುಡಿಸಲು ಕಾಣುತ್ತಿಲ್ಲ. ಹತ್ತಿರ ಹೋದರೆ, ಗುಡಿಸಲು ಇದ್ದಲ್ಲೇ ಇದೆ. ಬೇಲಿ ಅದರ ಹೊರಬದಿಯಿಂದ ಸುತ್ತಿ ಹೋಗಿದೆ. ಅಜ್ಜ ಒಳಗಾಗಿಬಿಟ್ಟಿದ್ದಾರೆ.

ಹಟ್ಟಿಯ ಅರ್ಧ ಜನ ಅಲ್ಲೇ ನಿಂತಿದ್ದರು. ಯಜಮಾನರು ಆಕಾಶ ನೋಡುತ್ತ ಹೇಳಿದರು: "ನೀನು ಬಾ ಅಂತ ನಾವು ಅಂದಿಲ್ಲ. ತಪ್ಪಾತು ಅನ್ನು ಅಂತಾನೂ ಅಂದಿಲ್ಲ. ಬೇಲಿ ಕಟ್ಟುವಾಗ ಸ್ವಲ್ಪ ಆ ಕಡೀಗೆ ಹೋತು."

"ಹೇಳಿ ಮಾಡಬೇಕಿತ್ತು" ಎಂದರು ಅಜ್ಜ.

"ಹೇಳಿದ್ರೆ ಬಿಡ್ತಿದ್ದೇನಲೇ ನೀನು?"

ಅಜ್ಜ ನಕ್ಕರು. ನಾವೆಲ್ಲ ನಕ್ಕೆವು. ಗೆದ್ದವರಾರು ಸೋತವರಾರು ಎಂದು ಕೇಳುವಂತಿರಲಿಲ್ಲ, ಅಷ್ಟು ಅಚ್ಚುಕಟ್ಟಾದ ಕೆಲಸ. ಮೇಷ್ಟ್ರಾದ ನನಗೆ ಹೊಳೆಯದ್ದು ಅವರಿಗೆ ಹೊಳೆದಿತ್ತು. ಅಜ್ಜ ಬೇಲಿಯ ಉದ್ದಕ್ಕೂ ನಡೆದು, ಮುಳ್ಳು ಒತ್ತಿ ನೋಡಿ, ವಾಪಸು ಬಂದು ಕಟ್ಟೆಯ ಮೇಲೆ ಕೂತರು.

"ತಳಕಿನ ಆಯಮ್ಮ ಪೊರಕೆ ಹೊರೆ ಹೊತ್ಕಂಡು ಈ ದಾರ್ಯಾಗೆ ಬರ್ತಾಳೆ. ನನ್ನ ಕಟ್ಟೆ ಮ್ಯಾಲೆ ಕುಂತು ನೀರು ಕುಡ್ದು ಹೋಗ್ತಾಳೆ. ಇನ್ಮ್ಯಾಲೆ ಬರಬೌದಾ?"

ಹಿಂದಿನಿಂದ ಯಾರೋ, "ಈಚಲು ಹೊರೆ ಬೇಲಿ ಒಳಗೆ ಹೆಂಗೆ ಬರ್ತೈತಣ್ಣ?" ಎಂದರು. ಯಜಮಾನರು ತಲೆ ತಗ್ಗಿಸಿದರು.

"ಹಂಗಾದ್ರೆ ನಾಳೆ ನಾನು ಆಚೀಗೆ ಹೋಗ್ತೀನಿ. ಹೇಳಿದೀನಿ."

ಮರುದಿನ ಗುಡಿಸಲು ಬಿಚ್ಚಿ ಹೊಸ ಬೇಲಿಯ ಹೊರಗೆ ಕಟ್ಟಿಕೊಂಡರು. ಗಳುಗಳನ್ನು ಹೊತ್ತು ಕೊಟ್ಟವರು ಯಜಮಾನರೇ. ಬೈಯುತ್ತ ಹೊತ್ತರು, ಆದರೆ ಹೊತ್ತರು. ಕಟ್ಟೆಯ ಕಲ್ಲನ್ನು ನಾನೂ ದೊಡ್ಡ ಹುಡುಗರೂ ಉರುಳಿಸಿಕೊಟ್ಟೆವು.

"ಒಂದು ರಾತ್ರಿಯಾದರೂ ಒಳಗೆ ಮಲಗಿದಿರಲ್ಲ, ಹೇಗಿತ್ತು?" ಎಂದು ಊಟಕ್ಕೆ ಕೂತಾಗ ಕೇಳಿದೆ.

"ನಿದ್ದೆ ಬರ್ಲಿಲ್ಲ ಮೇಷ್ಟ್ರೆ. ಅವ್ವನ ಮನೆ ಕಡೆಯಿಂದ ಒಲೆ ಹೊಗೆ ವಾಸನೆ ಬರ್ತಿತ್ತು" ಎಂದರು. ಆ ಮನೆಯಲ್ಲಿ ಆಗ ಬೇರೆ ಯಾರೋ ಇದ್ದರು. ಅಜ್ಜ "ಇಲ್ಲಿ ಗಾಳಿ ಚೆನ್ನಾಗೈತೆ" ಎಂದು ಕೈ ತೊಳೆದರು.

ಅದಾಗಿ ಕೆಲವು ವರ್ಷ ಬದುಕಿದ್ದರು. ಒಂದು ಬೇಸಗೆಯ ಬೆಳಿಗ್ಗೆ ನಾನು ಬಂದಾಗ ಕಟ್ಟೆ ಖಾಲಿ ಇತ್ತು. ಗುಡಿಸಲ ಮುಂದೆ ಯಜಮಾನರು ಒಬ್ಬರೇ ನಿಂತಿದ್ದರು. ರಾತ್ರಿ ಮಲಗಿದವರು ಎದ್ದಿರಲಿಲ್ಲ. "ಹೇಳದೆ ಮಾಡಿದ್ದು ಇದೊಂದೇ ನೋಡ್ರಿ" ಎಂದು ಯಜಮಾನರು ನನ್ನ ಕೈ ಹಿಡಿದುಕೊಂಡರು.

ಹಟ್ಟಿಯವರೆಲ್ಲ ಹೊರಗೆ ಬಂದರು. ನೀರು ಹಾಕಿದರು, ಹೊಸ ಬಟ್ಟೆ ಹೊದಿಸಿದರು. ಹೊರಗಿನವನೆಂದು ಯಾರೂ ಹಿಂದೆ ಸರಿಯಲಿಲ್ಲ, ಅದನ್ನು ಹೇಳಲೇಬೇಕು. ಅಷ್ಟರಲ್ಲಿ ಕ್ರಾಸಿನಲ್ಲಿ ನಿಲ್ಲಬೇಕಾದ ಬಸ್ಸು ಕ್ರಾಸು ದಾಟಿ ಗುಡಿಸಲವರೆಗೆ ಬಂದು ನಿಂತಿತು. ಸುದ್ದಿ ತಳಕಿಗೂ ಹೋಗಿತ್ತು. ಡ್ರೈವರೇ ಇಳಿದು ಮುದುಕಿಯನ್ನು ಕೈಹಿಡಿದು ಇಳಿಸಿದ. ಅವಳ ಕಂಕುಳಲ್ಲಿ ಸುತ್ತಿದ ಹೊಸ ಚಾಪೆ.

ಅವತ್ತು ಅವಳು ಬೈಯಲಿಲ್ಲ. ಹೆಣವನ್ನು ನೋಡಿದಳು. ಚಾಪೆ ಬಿಡಿಸಿ ಪಕ್ಕದಲ್ಲಿ ಹಾಸಿದಳು.

"ಆ ಹಳ್ಳದಾಗೆ ಮತ್ತೆ ಈಚಲು ಎದ್ದಾವೆ. ಅದರ ಗರಿ. ಅವನಿಗೇ ಅಂತ ಹೆಣೆದಿಟ್ಟಿದ್ದೆ. ಇದರ ಮ್ಯಾಲೆ ಹಾಕ್ಕಂಡು ಹೋಗ್ರಿ."

ಹಟ್ಟಿಯವರು ಒಬ್ಬರ ಮುಖ ಒಬ್ಬರು ನೋಡಿದರು. ನಾನೂ ಡ್ರೈವರೂ ಹೆಣವನ್ನು ಎತ್ತಿ ಚಾಪೆಯ ಮೇಲೆ ಮಲಗಿಸಿದೆವು. ಚಾಪೆಯ ಒಂದು ಮೂಲೆಯನ್ನು ನಾನು ಹಿಡಿದೆ, ನನಗೆ ಯಾವ ಕಟ್ಟಳೆಯೂ ಇರಲಿಲ್ಲ. ಇನ್ನೊಂದನ್ನು ಡ್ರೈವರು ಹಿಡಿದ. ಕಾಲಿನ ಕಡೆಯ ಒಂದು ಮೂಲೆಯನ್ನು ಮುದುಕಿ ತಾನೇ ಬಗ್ಗಿ ಹಿಡಿದಳು. ನಾಲ್ಕನೆಯ ಮೂಲೆ ನೆಲದ ಮೇಲಿತ್ತು. ಗಾಳಿಗೆ ಅದರ ಅಂಚು ಏಳುತ್ತಿತ್ತು, ಬೀಳುತ್ತಿತ್ತು.

ಯಜಮಾನರು ಬಂದರು. ನಿಂತರು. ಆಮೇಲೆ ಬಗ್ಗಿದರು. ನಾಲ್ಕನೆಯ ಮೂಲೆಯನ್ನು ಎರಡೂ ಕೈಯಲ್ಲಿ ಹಿಡಿದರು. ಹಿಂದೆ ಯಾರೋ ಹೆಂಗಸು "ಅಯ್ಯಯ್ಯೋ, ಯಜಮಾನ್ರೇ" ಎಂದಳು. ಅವರು ಬಿಡಲಿಲ್ಲ. ನಾವು ನಾಲ್ವರು ಆ ಉದ್ದನೆಯ ಮನುಷ್ಯನನ್ನು ಎತ್ತಿಕೊಂಡು ಹೊರಟೆವು. ನನ್ನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

ಮರುದಿನ ಶಾಲೆಗೆ ಹೋದೆ. ಖಾಲಿ ಕಟ್ಟೆಯನ್ನು ನೋಡಬೇಕಲ್ಲ ಎಂದು ತಲೆ ತಗ್ಗಿಸಿಕೊಂಡೇ ಸೈಕಲ್ ತುಳಿದೆ. ಹತ್ತಿರ ಬಂದು ನೋಡಿದರೆ ಕಟ್ಟೆ ಖಾಲಿ ಇರಲಿಲ್ಲ. ಯಜಮಾನರು ಕೂತಿದ್ದರು. ಪಕ್ಕದಲ್ಲಿ ಕಂಬಳಿ, ಒಂದು ಚೊಂಬು ನೀರು. ಬೇಲಿಯ ಸಂದಿಯಿಂದ ಅವರ ಮೊಮ್ಮಗ, ಇವತ್ತು ನನಗೆ ಫೋನು ಮಾಡುವ ಅದೇ ಹುಡುಗ, ಮುದ್ದೆಯ ಗಂಗಾಳ ತೂರಿಸುತ್ತಿದ್ದ.

"ಇದೇನ್ರಿ ಇಲ್ಲಿ?" ಎಂದೆ.

"ಈಚಲು ಮುಟ್ಟಿದೀನಲ್ಲ ಮೇಷ್ಟ್ರೆ. ತಪ್ಪಾತು ಅಂದು ನೀರು ಹಾಕಿಸ್ಕಂಡು ಒಳಗೆ ಬಾ ಅಂತಾವ್ರೆ."

"ಅಂದುಬಿಡ್ರಿ. ನಿಮ್ಮ ದೇವರು, ನಿಮ್ಮ ಕಟ್ಟಳೆ."

ಅವರು ಬೇಲಿಯನ್ನು ನೋಡಿದರು. ಎಷ್ಟೋ ವರ್ಷ ಒಳಗಿನಿಂದ ಕಂಡ ಬೇಲಿಯನ್ನು ಈಗ ಹೊರಗಿನಿಂದ ನೋಡುತ್ತಿದ್ದರು.

"ಅವತ್ತು ಹಳ್ಳದಾಗೆ ಕೈ ಬರ್ಲಿಲ್ಲ" ಎಂದರು. "ಇವತ್ತು ಬಾಯಿ ಬರ್ವಲ್ದು."

ಮಧ್ಯಾಹ್ನ ಡಬ್ಬಿ ಹಿಡಿದುಕೊಂಡು ಬಂದವನು ಅವರ ಮುಂದೆ ನಿಂತುಬಿಟ್ಟೆ. ಅವತ್ತೂ ಮೊಟ್ಟೆ ಇತ್ತು. ಯಜಮಾನರು ನನ್ನ ಡಬ್ಬಿಯನ್ನೂ ನನ್ನ ಮುಖವನ್ನೂ ನೋಡಿ, ಕಂಬಳಿ ಎತ್ತಿಕೊಂಡು ಪಕ್ಕಕ್ಕೆ ಸರಿದು ಜಾಗ ಮಾಡಿದರು.

"ಕುಂತ್ಕಂಡು ಉಣ್ರಿ ಮೇಷ್ಟ್ರೆ" ಎಂದರು. "ಇದು ಹೊರಗೈತೆ."